ಆಟಕ್ಕೆ ಕಟ್ಟುವ ಕಸಿ

ನಾಟಿ ಮಾವಿನ ಸಸಿಗೆ ಬಾದಾಮಿ ಮಾವಿನ ಕಡ್ಡಿಯನ್ನು ಕಸಿ ಕಟ್ಟಿದರೆ ಬೇರು ಒಂದರದು, ಹಣ್ಣು ಇನ್ನೊಂದರದು. ಕಂಪ್ಯೂಟರ್ ಆಟಗಳಲ್ಲಿಯೂ ಇಂತಹ ಕಸಿಯುಂಟು. ಅದಕ್ಕೆ 'ಮಾಡ್' ಎಂದು ಹೆಸರು. ಮೂಲ ಆಟಕ್ಕೆ ಹೊಸ ಪ್ರಾಣಿಗಳನ್ನೋ ಯಂತ್ರಗಳನ್ನೋ ನಿಯಮಗಳನ್ನೋ ಸೇರಿಸಲು, ಸಾಮಾನ್ಯವಾಗಿ ಆಟಗಾರರೇ ರಚಿಸುವ ಜೋಡಣೆಯಿದು.

ಸ್ವೀಡನ್ನಿನ ಮಾರ್ಕುಸ್ ಪೆರ್ಸನ್ ಎಂಬವರು 2009ರಲ್ಲಿ ಮೊದಲು ಹೊರತಂದ ಮೈನ್‌ಕ್ರಾಫ್ಟ್ ಆಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ಜಾವಾ ಆವೃತ್ತಿಯಲ್ಲಿ ಮಾಡ್‌ಗಳು 'ಜಾರ್' ಎಂಬ ಕಡತಗಳ ರೂಪದಲ್ಲಿರುತ್ತವೆ. ಫೋರ್ಜ್, ಫ್ಯಾಬ್ರಿಕ್ ಮೊದಲಾದ ಲೋಡರುಗಳು ಆಟ ಆರಂಭವಾಗುವಾಗ ಇವನ್ನು ಓದಿ ಮೂಲ ಆಟಕ್ಕೆ ಜೋಡಿಸುತ್ತವೆ.

ಇದರಲ್ಲಿ ಅಪಾಯವೇನು? ಜಾರ್ ಕಡತವು ಬರಿಯ ಚಿತ್ರವಲ್ಲ. ಅದೊಂದು ಪೂರ್ಣ ಪ್ರೋಗ್ರಾಮು. ಆಟವನ್ನು ನಡೆಸುವವನಿಗೆ ಕಂಪ್ಯೂಟರಿನಲ್ಲಿ ಯಾವ ಅಧಿಕಾರವಿದೆಯೋ ಅದೆಲ್ಲವೂ ಮಾಡ್‌ಗೂ ದೊರೆಯುತ್ತದೆ. 2023ರ ಜೂನ್ ತಿಂಗಳಲ್ಲಿ ಇದು ಪ್ರತ್ಯಕ್ಷವಾಯಿತು. ಕರ್ಸ್‌ಫೋರ್ಜ್ ಎಂಬ ಪ್ರಸಿದ್ಧ ಭಂಡಾರದಲ್ಲಿ ಕೆಲವು ಖಾತೆಗಳ ಮೂಲಕ 'ಫ್ರ್ಯಾಕ್ಚರೈಸರ್' ಎಂಬ ದುಷ್ಟ ಪ್ರೋಗ್ರಾಮನ್ನು ಮಾಡ್‌ಗಳೊಳಗೆ ಅಡಗಿಸಲಾಗಿತ್ತು. ಅದು ಕಂಪ್ಯೂಟರಿನಲ್ಲಿದ್ದ ಇತರ ಜಾರ್ ಕಡತಗಳಿಗೂ ಹಬ್ಬಿ, ಬ್ರೌಸರಿನಲ್ಲಿ ಉಳಿಸಿಟ್ಟ ಲಾಗಿನ್ ವಿವರಗಳನ್ನು ಕದಿಯುವಂತೆ ರಚಿತವಾಗಿತ್ತು.

ಆದುದರಿಂದ ಮಾಡ್‌ಗಳನ್ನು ಅದರ ಕರ್ತೃವಿನ ಪುಟದಿಂದಲೋ ಹೆಸರಾಂತ ಭಂಡಾರದಿಂದಲೋ ಮಾತ್ರ ಪಡೆಯಬೇಕು. ವೈರಸ್ ತಡೆಯುವ ತಂತ್ರಾಂಶದಿಂದ ಪರೀಕ್ಷಿಸಬೇಕು. ಅದನ್ನು ನಿಲ್ಲಿಸಿರೆಂದು ಹೇಳುವ ಮಾಡ್ ಸರ್ವಥಾ ಬೇಡ. ಆದರೂ ಪರೀಕ್ಷೆಯಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ಅಪಾಯವೇ ಇಲ್ಲವೆಂದಲ್ಲ. ಆಟಕ್ಕಾಗಿಯೇ ಪ್ರತ್ಯೇಕವಾದ, ಹೆಚ್ಚಿನ ಅಧಿಕಾರವಿಲ್ಲದ ಬಳಕೆದಾರ ಖಾತೆಯೊಂದನ್ನು ಇಟ್ಟುಕೊಂಡರೆ ಹಾನಿಯ ವ್ಯಾಪ್ತಿ ಕುಗ್ಗುತ್ತದೆ.

ಮಾಡ್ ದುಷ್ಟವಲ್ಲದಿದ್ದರೂ ಕಸಿ ಹಿಡಿಯದಿರಬಹುದು. ಆಟದ ಆವೃತ್ತಿ, ಲೋಡರು ಮತ್ತು ಆ ಮಾಡ್ ಅವಲಂಬಿಸುವ ಇತರ ಮಾಡ್‌ಗಳು, ಈ ಮೂರೂ ಹೊಂದಬೇಕು. ಜೋಡಿಸುವ ಮುನ್ನ ನೀವು ಕಟ್ಟಿದ ಲೋಕಗಳಿರುವ 'ಸೇವ್ಸ್' ಫೋಲ್ಡರಿನ ಪ್ರತಿಯನ್ನು ಬೇರೊಂದೆಡೆ ತೆಗೆದಿಡಿರಿ. ಏಕೆಂದರೆ ಮಾಡ್ ಒಂದನ್ನು ತೆಗೆದುಹಾಕಿ ಹಳೆಯ ಲೋಕವನ್ನು ತೆರೆದರೆ, ಅದು ಒದಗಿಸಿದ್ದ ಇಟ್ಟಿಗೆ, ಯಂತ್ರಗಳೆಲ್ಲ ಮಾಯವಾಗುತ್ತವೆ. ಹಾಗೆಯೇ ಉಳಿಸಿದ ಮೇಲೆ ಮಾಡ್ ಮರಳಿ ಬಂದರೂ ಅವು ಸಾಮಾನ್ಯವಾಗಿ ಮರಳುವುದಿಲ್ಲ.

32 ಮಾಡ್‌ಗಳಿದ್ದು ಆಟ ಕೆಟ್ಟು ನಿಂತಿತೆನ್ನಿ. ದೋಷ ಯಾವುದರದು? ಮೊದಲು ದೋಷದ ವರದಿಯನ್ನು ಓದಿರಿ. ಅದರಿಂದ ತಿಳಿಯದಿದ್ದರೆ 16ನ್ನು ಹೊರಗಿಟ್ಟು, ಪರೀಕ್ಷೆಗೆಂದೇ ತೆರೆದ ಹೊಸ ಲೋಕದಲ್ಲಿ ಆಟವನ್ನು ನಡೆಸಿರಿ. ಸರಿಹೋದರೆ ದೋಷ ಹೊರಗಿಟ್ಟವುಗಳಲ್ಲಿದೆ, ಇಲ್ಲವಾದರೆ ಒಳಗಿರುವವುಗಳಲ್ಲಿದೆ. ಸಂಶಯಕ್ಕೊಳಗಾದ ಗುಂಪನ್ನು ಹೀಗೆಯೇ 8, 4, 2, 1 ಎಂದು ಅರ್ಧಿಸುತ್ತ ಹೋದರೆ ಐದೇ ಪರೀಕ್ಷೆಗಳಲ್ಲಿ ಉತ್ತರ ದೊರೆಯುತ್ತದೆ. ದೋಷಿ ಒಂದೇ ಆಗಿರಬೇಕು, ಪರಸ್ಪರ ಅವಲಂಬಿಸಿದ ಮಾಡ್‌ಗಳನ್ನು ಅಗಲಿಸಬಾರದು, ಇಷ್ಟೇ ನಿಬಂಧನೆ.

ಮೊದಲಿನಿಂದಲೂ ಒಂದೊಂದೇ ಮಾಡ್ ಜೋಡಿಸಿ ಪರೀಕ್ಷಿಸಿದವರಿಗೆ ಈ ಶ್ರಮವೂ ಬಹಳಮಟ್ಟಿಗೆ ತಪ್ಪುತ್ತದೆ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕೆಂಬ ಪ್ರಯೋಗಶಾಲೆಯ ನಿಯಮವು ಆಟದ ಮೇಜಿನ ಮೇಲೆಯೂ ಅಷ್ಟೇ ಸತ್ಯ.