ನಕ್ಷೆಗೂ ನಡೆಗೂ ತಾಳೆ

ಸರ್ವೆ ನಂಬರೊಂದರ ಜಮೀನು ನಾಲ್ವರು ಅಣ್ಣತಮ್ಮಂದಿರಲ್ಲಿ ಪಾಲಾಯಿತೆನ್ನಿ. ಪಹಣಿಯಲ್ಲಿ ನಾಲ್ವರ ಹೆಸರೂ ಏರಿತು. ನಾಲ್ವರೂ ತಂತಮ್ಮ ಪಾಲನ್ನು ಉಳತೊಡಗಿದರು. ಆದರೆ ಪೋಡಿಯ ಕೆಲಸ ನಡೆಯದಿದ್ದರೆ ಗ್ರಾಮದ ನಕ್ಷೆಯಲ್ಲಿ ಆ ಭೂಮಿ ಇನ್ನೂ ಒಂದೇ ತುಂಡಾಗಿ ಉಳಿದಿರುವುದು. ನಕ್ಷೆ ಹೇಳುವುದು ಒಂದು, ದಾಖಲೆ ಹೇಳುವುದು ಇನ್ನೊಂದು. ಎರಡನ್ನೂ ಬರೆದವರು ಸುಳ್ಳು ಬರೆದಿಲ್ಲ. ಒಂದು ಬದಲಾದಾಗ ಇನ್ನೊಂದು ಬದಲಾಗಲಿಲ್ಲ, ಅಷ್ಟೆ. ಅಷ್ಟರಿಂದಲೇ ಎಷ್ಟು ವ್ಯಾಜ್ಯಗಳು ಹುಟ್ಟುವುವೆಂಬುದನ್ನು ಹಳ್ಳಿಯಲ್ಲಿ ಬೆಳೆದ ವಾಚಕರಿಗೆ ನಾವು ಬೇರೆ ಹೇಳಬೇಕಾಗಿಲ್ಲ.

ಒಂದೇ ವಿಷಯವನ್ನು ಎರಡು ಕಡೆ ಬರೆದಿಟ್ಟಾಗ, ಅವೆರಡೂ ಸದಾ ತಾಳೆಯಾಗುವಂತೆ ನೋಡಿಕೊಳ್ಳುವುದು ಹೇಗೆ? ಈ ಪ್ರಶ್ನೆ ಇಂದು ಪ್ರಪಂಚದ ಬಹು ದೊಡ್ಡ ಉದ್ಯಮಗಳನ್ನೂ ಕಾಡುತ್ತಿದೆ. ಅಲ್ಲಿಯ ನಕ್ಷೆ ಭೂಮಿಯದಲ್ಲ, ಕೆಲಸದ್ದು.

ಕೆಲಸಕ್ಕೂ ಒಂದು ನಕ್ಷೆ

ಕಾರ್ಖಾನೆಯೊಂದಕ್ಕೆ ಉಕ್ಕಿನ ತಗಡು ಬೇಕಾಗಿದೆ. ಯಂತ್ರಶಾಲೆಯವರು ಬೇಡಿಕೆ ಸಲ್ಲಿಸುತ್ತಾರೆ, ಮೇಲಧಿಕಾರಿ ಮಂಜೂರಾತಿ ಕೊಡುತ್ತಾರೆ, ವರ್ತಕನಿಗೆ ಖರೀದಿ ಆದೇಶ ಹೋಗುತ್ತದೆ, ಸರಕು ಬಂದು ಉಗ್ರಾಣ ಸೇರುತ್ತದೆ, ಬಿಲ್ಲು ಬರುತ್ತದೆ, ಆದೇಶ, ಸರಕು, ಬಿಲ್ಲು ಈ ಮೂರನ್ನೂ ಹೋಲಿಸಿ ನೋಡಿದ ಮೇಲೆ ಹಣ ಪಾವತಿಯಾಗುತ್ತದೆ. ಹೀಗೆ ಒಂದರ ಹಿಂದೆ ಒಂದಾಗಿ ಬರುವ ಹೆಜ್ಜೆಗಳ ಸಾಲಿಗೆ ವ್ಯವಹಾರ ಪ್ರಕ್ರಿಯೆ ಎಂದು ಹೆಸರು.

ಇಂಥ ಹೆಜ್ಜೆಗಳನ್ನು ಚಿತ್ರವಾಗಿ ಬರೆಯುವ ಆಲೋಚನೆ ಹೊಸದೇನೂ ಅಲ್ಲ. ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿಗಳು ೧೯೨೧ರಲ್ಲಿಯೇ ಅಲ್ಲಿಯ ಯಂತ್ರಶಿಲ್ಪಿಗಳ ಸಂಘದ ಮುಂದೆ ‘ಪ್ರಕ್ರಿಯಾ ಪಟ’ಗಳನ್ನು ಮಂಡಿಸಿದ್ದರು. ೧೯೪೭ರಲ್ಲಿ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್‌ಮನ್ ಎಂಬ ಗಣಿತಜ್ಞರು ಗಣಕಯಂತ್ರಕ್ಕೆ ಕೊಡಬೇಕಾದ ಆದೇಶಗಳನ್ನು ಯೋಜಿಸಲು ಇದೇ ಬಗೆಯ ಪ್ರವಾಹಚಿತ್ರಗಳನ್ನು ಬಳಸಿದರು. ೧೯೬೨ರಲ್ಲಿ ಜರ್ಮನಿಯ ಕಾರ್ಲ್ ಆಡಂ ಪೆಟ್ರಿ ಎಂಬಾತ ತನ್ನ ಪ್ರೌಢಪ್ರಬಂಧದಲ್ಲಿ ಈ ಚಿತ್ರಗಳಿಗೆ ಗಣಿತದ ತಳಹದಿಯನ್ನು ಹಾಕಿಕೊಟ್ಟನು. ಆತನ ಜಾಲಗಳಲ್ಲಿ ಪುಟ್ಟ ಗೋಟಿಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗುವುವು. ಒಂದು ಹೆಜ್ಜೆ ನಡೆಯಬೇಕಾದರೆ ಅದರ ಹಿಂದಿನ ಮನೆಗಳಲ್ಲೆಲ್ಲ ಗೋಟಿ ಇರಬೇಕು. ನಡೆದ ಮೇಲೆ ಆ ಗೋಟಿಗಳು ಹೋಗಿ ಮುಂದಿನ ಮನೆಗಳಲ್ಲಿ ಹೊಸವು ಮೂಡುವುವು. ಇಷ್ಟು ಸರಳವಾದ ಆಟದಿಂದಲೇ ಎಂಥ ಜಟಿಲ ಪ್ರಕ್ರಿಯೆಯನ್ನಾದರೂ ಪರೀಕ್ಷಿಸಬಹುದು.

ಇನ್ನೊಂದು ಕಡೆ, ೧೯೭೨ರಲ್ಲಿ ಐಬಿಎಂ ಸಂಸ್ಥೆಯನ್ನು ಬಿಟ್ಟುಬಂದ ಐವರು ಜರ್ಮನಿಯಲ್ಲಿ ಎಸ್‌ಎಪಿ ಎಂಬ ಸಂಸ್ಥೆಯನ್ನು ಕಟ್ಟಿದರು. ಖರೀದಿ, ಉಗ್ರಾಣ, ಮಾರಾಟ, ಲೆಕ್ಕಪತ್ರ ಇವೆಲ್ಲವನ್ನೂ ಒಂದೇ ಸೂತ್ರದಲ್ಲಿ ಪೋಣಿಸುವ ತಂತ್ರಾಂಶವನ್ನು ತಯಾರಿಸುವುದು ಅವರ ಉದ್ದೇಶ. ೧೯೯೨ರಲ್ಲಿ ಹೊರಬಂದ ಅವರ ‘ಆರ್-೩’ ಹಲವು ದೇಶಗಳ ಉದ್ಯಮಗಳಿಗೆ ಹರಡಿತು. ಇದೇ ಸಂಸ್ಥೆ ೧೯೯೮ರಲ್ಲಿ ನಮ್ಮ ಬೆಂಗಳೂರಿನಲ್ಲಿ ತನ್ನ ಸಂಶೋಧನಾಲಯವನ್ನು ತೆರೆಯಿತು.

ಅದೇ ೧೯೯೨ರಲ್ಲಿ ಸಾರ್‌ಬ್ರೂಕನ್ ನಗರದ ಪ್ರಾಧ್ಯಾಪಕ ಶೇರ್ ಮತ್ತು ಅವರ ಸಂಗಡಿಗರು ‘ಘಟನಾಪ್ರೇರಿತ ಸರಪಣಿ’ ಎಂಬ ನಕ್ಷಾಪದ್ಧತಿಯನ್ನು ರೂಪಿಸಿದರು. ಇದರಲ್ಲಿ ಷಟ್ಕೋನವು ಘಟನೆಯನ್ನೂ, ಮೂಲೆ ದುಂಡಗಾದ ಆಯತವು ಕಾರ್ಯವನ್ನೂ, ಪುಟ್ಟ ವೃತ್ತವು ದಾರಿಗಳು ಕವಲೊಡೆಯುವ ಅಥವಾ ಕೂಡುವ ಬಗೆಯನ್ನೂ ಸೂಚಿಸುವುವು. ‘ಬೇಡಿಕೆ ಬಂದಿದೆ’ ಎಂಬುದು ಘಟನೆ. ‘ಬೇಡಿಕೆಯನ್ನು ಪರಿಶೀಲಿಸು’ ಎಂಬುದು ಕಾರ್ಯ. ಈ ನಕ್ಷೆಗಳನ್ನು ಬರೆಯಲು ಶೇರ್ ಅವರ ಸಂಸ್ಥೆ ಆರಿಸ್ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿತು.

ಈಗ ನಮ್ಮ ಮುಂದೆ ಎರಡು ಮನೆಗಳು ಕಾಣುತ್ತವೆ. ಮೊದಲನೆಯದು ನಕ್ಷೆಯ ಮನೆ. ಕೆಲಸ ಹೇಗೆ ನಡೆಯಬೇಕೆಂಬ ತೀರ್ಮಾನ ಅಲ್ಲಿ ಚಿತ್ರವಾಗಿದೆ. ಎರಡನೆಯದು ನಡೆಯ ಮನೆ. ಕೆಲಸ ದಿನವೂ ನಡೆಯುವುದು ಅಲ್ಲಿ. ನಕ್ಷೆಯಲ್ಲಿ ‘ಖರೀದಿ ಆದೇಶ ಬರೆ’ ಎಂದಿರುವುದು ಎಸ್‌ಎಪಿ ವ್ಯವಸ್ಥೆಯಲ್ಲಿ ‘ಎಂಇ೨೧ಎನ್’ ಎಂಬ ಸಂಕೇತದ ಪರದೆಯಾಗಿದೆ. ‘ಸರಕು ಬಂದುದನ್ನು ದಾಖಲಿಸು’ ಎಂಬುದು ‘ಮಿಗೊ’. ‘ಬಿಲ್ಲನ್ನು ದಾಖಲಿಸು’ ಎಂಬುದು ‘ಮಿರೊ’.

ಬೇರೆಯಾಗುವುದು ಏಕೆ?

ಒಮ್ಮೆ ನಕ್ಷೆ ಬರೆದು ಅದರಂತೆ ವ್ಯವಸ್ಥೆಯನ್ನು ಸಜ್ಜುಗೊಳಿಸಿದರೆ ಸಾಲದೆ? ಸಾಲದು. ಹಬ್ಬದ ಗಿರಾಕಿ ಹೆಚ್ಚಿದಾಗ ಉಗ್ರಾಣದವರ ಒತ್ತಾಯಕ್ಕೆ ವ್ಯವಸ್ಥೆಯಲ್ಲಿ ಒಂದು ಹೆಜ್ಜೆಯನ್ನು ತೆಗೆದುಹಾಕಲಾಗುತ್ತದೆ. ನಕ್ಷೆಯವರಿಗೆ ಅದು ತಿಳಿಯುವುದಿಲ್ಲ. ಲೆಕ್ಕ ತಪಾಸಕರ ಸಲಹೆಯಂತೆ ನಕ್ಷೆಯಲ್ಲಿ ಎರಡನೆಯ ಸಹಿಯನ್ನು ಸೇರಿಸಲಾಗುತ್ತದೆ. ವ್ಯವಸ್ಥೆ ಮೊದಲಿನಂತೆ ಒಂದೇ ಸಹಿಗೆ ಹಣ ಬಿಡುಗಡೆ ಮಾಡುತ್ತಿರುತ್ತದೆ. ತಪಾಸಕರು ನಕ್ಷೆಯನ್ನು ನೋಡಿ ಎಲ್ಲವೂ ಸರಿಯಿದೆಯೆಂದು ಸಹಿ ಹಾಕಿದರೆ ಆ ಸಹಿಗೆ ಬೆಲೆಯೇನು?

ಪ್ರತಿಗಳು ಒಂದರೊಡನೊಂದು ತಾಳೆ ತಪ್ಪಿದರೆ ಏನಾಗಬಲ್ಲುದೆಂಬುದಕ್ಕೆ ೨೦೧೨ರ ಆಗಸ್ಟ್ ೧ರಂದು ಅಮೆರಿಕದಲ್ಲಿ ನಡೆದ ಪ್ರಸಂಗ ಸಾಕ್ಷಿ. ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟಿನ ಸಂಸ್ಥೆ ತನ್ನ ಎಂಟು ಗಣಕಗಳಲ್ಲಿ ಹೊಸ ಕ್ರಮವಿಧಿಯನ್ನು ಅಳವಡಿಸಹೊರಟಿತು. ಏಳು ಗಣಕಗಳಿಗೆ ಅದು ತಲಪಿತು, ಎಂಟನೆಯದು ಬಿಟ್ಟುಹೋಯಿತು. ಬಹುಕಾಲದಿಂದ ಬಳಕೆಯಲ್ಲಿಲ್ಲದ ಹಳೆಯ ವಿಧಿಯೊಂದು ಆ ಒಂದು ಗಣಕದಲ್ಲಿ ಎಚ್ಚೆತ್ತು ಒಂದೇ ಸಮನೆ ಷೇರು ಕೊಳ್ಳುವ, ಮಾರುವ ಆದೇಶಗಳನ್ನು ಕಳುಹಿಸತೊಡಗಿತು. ಸುಮಾರು ೪೫ ನಿಮಿಷಗಳ ಆ ವಹಿವಾಟಿನಿಂದ ಸಂಸ್ಥೆಗೆ ಆದ ನಷ್ಟ ೪೬ ಕೋಟಿ ಡಾಲರುಗಳಿಗೂ ಹೆಚ್ಚು. ಅಳವಡಿಸಿದ ಕೆಲಸವನ್ನು ಎರಡನೆಯ ತಂತ್ರಜ್ಞನೊಬ್ಬ ಪರಿಶೀಲಿಸಬೇಕೆಂಬ ಲಿಖಿತ ನಿಯಮ ಅಲ್ಲಿ ಇರಲಿಲ್ಲವೆಂದು ಅಮೆರಿಕ ಸರಕಾರದ ಷೇರುಪೇಟೆ ನಿಯಂತ್ರಣ ಮಂಡಲಿ ೨೦೧೩ರಲ್ಲಿ ತಿಳಿಸಿತು.

ಮೂರನೆಯ ಸಾಕ್ಷಿ

ಹಾಗಾದರೆ ತಾಳೆ ಹಾಕುವುದು ಹೇಗೆ? ಮೊದಲು ಬೇಕಾದುದು ಗುರುತು. ನಕ್ಷೆಯಲ್ಲಿ ‘ಬಿಲ್ಲಿನ ಪರಿಶೀಲನೆ’ ಎಂದಿದೆ, ವ್ಯವಸ್ಥೆಯಲ್ಲಿ ‘ಬಿಲ್ಲು ತಪಾಸಣೆ’ ಎಂದಿದೆ. ಇವೆರಡೂ ಒಂದೆಯೆ? ಹೆಸರನ್ನು ನಂಬಿದರೆ ಮೋಸಹೋಗುವೆವು. ಏಕೆಂದರೆ ಹೆಸರನ್ನು ಯಾರು ಬೇಕಾದರೂ ತಿದ್ದಬಹುದು. ಆದುದರಿಂದ ಪ್ರತಿಯೊಂದು ಹೆಜ್ಜೆಗೂ ಎಂದೆಂದಿಗೂ ಬದಲಾಗದ ಗುರುತಿನ ಸಂಖ್ಯೆಯೊಂದನ್ನು ಕೊಟ್ಟು, ಎರಡು ಮನೆಗಳಲ್ಲಿಯೂ ಅದನ್ನು ಬರೆದಿಡಬೇಕು. ಒಂದೇ ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದಾಗ ಉಪಾಧ್ಯಾಯರು ಹಾಜರಿ ಸಂಖ್ಯೆಯನ್ನು ನೆಚ್ಚುವುದಿಲ್ಲವೆ?

ಎರಡನೆಯ ತೊಡಕು ಆಕಾರದ್ದು. ನಕ್ಷೆ ಕವಲುಗಳುಳ್ಳ ಜಾಲ. ಆದರೆ ಎಸ್‌ಎಪಿಯ ಸಲ್ಯೂಷನ್ ಮ್ಯಾನೇಜರ್ ಎಂಬ ನಿರ್ವಹಣಾ ತಂತ್ರಾಂಶದಲ್ಲಿ ಬಹುಕಾಲ ಇದ್ದುದು ಸನ್ನಿವೇಶ, ಪ್ರಕ್ರಿಯೆ, ಹೆಜ್ಜೆ ಎಂಬ ಮೂರು ಮೆಟ್ಟಿಲುಗಳ ಪಟ್ಟಿ. ಜಾಲವನ್ನು ಪಟ್ಟಿಯಾಗಿ ಮಡಿಸಿದಾಗ ಕವಲುಗಳು ಮರೆಯಾಗುವುವು. ಪಟ್ಟಿಯಿಂದ ಜಾಲವನ್ನು ಮರಳಿ ಬಿಡಿಸಿದಾಗ ಅವು ತಾವಾಗಿ ಹುಟ್ಟಲಾರವು. ಈ ಹೋಗಿಬರುವ ದಾರಿಗೆ ಇರಬೇಕಾದ ನಿಯಮಗಳೇನು? ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಬೆಂಜಮಿನ್ ಪಿಯರ್ಸ್ ಮತ್ತು ಸಂಗಡಿಗರು ೨೦೦೫ರಲ್ಲಿ ‘ಮಸೂರ’ ಎಂಬ ಹೆಸರಿನಲ್ಲಿ ಪ್ರಕಟಿಸಿದ ಸಿದ್ಧಾಂತದಲ್ಲಿ ಇದಕ್ಕೆ ಉತ್ತರವುಂಟು. ಒಂದನೆಯ ನಿಯಮ: ಮೂಲದಿಂದ ತೆಗೆದ ನೋಟವನ್ನು ಏನೂ ತಿದ್ದದೆ ಹಿಂದಿರುಗಿಸಿದರೆ ಮೂಲದಲ್ಲಿ ಏನೂ ಬದಲಾಗಕೂಡದು. ಎರಡನೆಯದು: ತಿದ್ದಿದ ನೋಟವನ್ನು ಮೂಲಕ್ಕೆ ಸೇರಿಸಿ ಮತ್ತೆ ಹೊರತೆಗೆದರೆ, ತಿದ್ದಿದುದು ತಿದ್ದಿದಂತೆಯೇ ದೊರೆಯಬೇಕು. ಕೇಳಲು ಸರಳ, ಆದರೆ ಇವೆರಡನ್ನೂ ಪಾಲಿಸದ ಸೇತುವೆಯ ಮೇಲೆ ಪ್ರತಿ ಬಾರಿ ಓಡಾಡಿದಾಗಲೂ ಒಂದಿಷ್ಟು ಸರಕು ನೀರಿಗೆ ಬೀಳುವುದು.

ಮೂರನೆಯ ತೊಡಕೇ ಎಲ್ಲಕ್ಕಿಂತ ಕುತೂಹಲಕರವಾದುದು. ನಕ್ಷೆಯಲ್ಲಿ ‘ಸರಕಿನ ಗುಣಪರೀಕ್ಷೆ’ ಎಂಬ ಹೆಜ್ಜೆಯಿದೆ, ವ್ಯವಸ್ಥೆಯಲ್ಲಿ ಇಲ್ಲ. ಇದರ ಅರ್ಥವೇನು? ನಕ್ಷೆಯವರು ಅದನ್ನು ಹೊಸದಾಗಿ ಸೇರಿಸಿದರೆ? ಅಥವಾ ವ್ಯವಸ್ಥೆಯವರು ಅದನ್ನು ಅಳಿಸಿದರೆ? ಎರಡು ಪ್ರತಿಗಳನ್ನು ಎಷ್ಟು ಹೊತ್ತು ದಿಟ್ಟಿಸಿ ನೋಡಿದರೂ ಉತ್ತರ ಸಿಕ್ಕದು. ಅದಕ್ಕೆ ಮೂರನೆಯ ಸಾಕ್ಷಿ ಬೇಕು. ಕಳೆದ ಸಲ ತಾಳೆಯಾದಾಗ ಇದ್ದ ಪ್ರತಿಯೇ ಆ ಸಾಕ್ಷಿ. ಹಳೆಯ ಪ್ರತಿಯಲ್ಲಿ ಗುಣಪರೀಕ್ಷೆ ಇದ್ದರೆ ವ್ಯವಸ್ಥೆಯವರು ಅಳಿಸಿದ್ದಾರೆ. ಇಲ್ಲದಿದ್ದರೆ ನಕ್ಷೆಯವರು ಸೇರಿಸಿದ್ದಾರೆ.

ಇದೇ ತರ್ಕವನ್ನು ಸಂಖ್ಯೆಗಳಿಗೂ ಅನ್ವಯಿಸೋಣ. ಕಳೆದ ಸಲ ಒಂದೇ ಸಹಿಗೆ ಮಂಜೂರಾಗುವ ಮಿತಿ ೧ ಲಕ್ಷ ರೂಪಾಯಿ ಇತ್ತೆನ್ನಿ. ಈಗ ನಕ್ಷೆಯಲ್ಲಿ ೨ ಲಕ್ಷ, ವ್ಯವಸ್ಥೆಯಲ್ಲಿ ೧ ಲಕ್ಷ ಇದ್ದರೆ ಬದಲಾದುದು ನಕ್ಷೆ. ಬದಲಾವಣೆ ವ್ಯವಸ್ಥೆಯ ಕಡೆಗೆ ಸಾಗಬೇಕು. ನಕ್ಷೆಯಲ್ಲಿ ೧ ಲಕ್ಷ, ವ್ಯವಸ್ಥೆಯಲ್ಲಿ ೫೦ ಸಾವಿರ ಇದ್ದರೆ ಅದು ಎದುರು ದಿಕ್ಕಿನಲ್ಲಿ ಸಾಗಬೇಕು. ನಕ್ಷೆಯಲ್ಲಿ ೨ ಲಕ್ಷ, ವ್ಯವಸ್ಥೆಯಲ್ಲಿ ೫೦ ಸಾವಿರ ಇದ್ದರೆ? ಇಬ್ಬರೂ ತಿದ್ದಿದ್ದಾರೆ. ಇಲ್ಲಿ ಯಂತ್ರ ನ್ಯಾಯ ಹೇಳಲಾರದು. ಘರ್ಷಣೆಯನ್ನು ಎತ್ತಿ ತೋರಿಸಿ, ತೀರ್ಪನ್ನು ಮನುಷ್ಯನಿಗೆ ಬಿಡುವುದೇ ಅದರ ಧರ್ಮ. ಕೊನೆಯಲ್ಲಿ ಬರೆದವನ ಮಾತೇ ನಡೆಯಲೆಂದು ಬಿಟ್ಟರೆ ಮೊದಲು ಬರೆದವನ ತಿದ್ದುಪಡಿ ಸದ್ದಿಲ್ಲದೆ ಅಳಿದುಹೋಗುವುದು. ಅಳಿದುದೂ ಯಾರಿಗೂ ತಿಳಿಯದು. ಆದಕಾರಣ ಹೆಜ್ಜೆಯ ಹೆಸರು, ಕ್ರಮಗಳ ಒಡೆತನ ನಕ್ಷೆಯದು, ಪರದೆಯ ಸಂಕೇತದ ಒಡೆತನ ವ್ಯವಸ್ಥೆಯದು ಎಂದು ಮೊದಲೇ ಹಂಚಿಕೊಳ್ಳುವುದು ಜಾಣತನ.

ತಾಳೆಯಾದ ತಪ್ಪು

ಎರಡು ಪ್ರತಿಗಳು ಒಂದೇ ಆದೊಡನೆ ಅವು ಸರಿಯೆಂದು ತಿಳಿಯಬಾರದು. ಎಸ್‌ಎಪಿ ಸಂಸ್ಥೆ ತನ್ನ ತಂತ್ರಾಂಶದ ಕಾರ್ಯಗಳನ್ನು ವಿವರಿಸುವ ಮಾದರಿ ನಕ್ಷೆಗಳನ್ನು ಪ್ರಕಟಿಸಿತ್ತು. ಯಾನ್ ಮೆಂಡ್ಲಿಂಗ್ ಮತ್ತು ಸಂಗಡಿಗರು ಅವುಗಳಲ್ಲಿ ೬೦೪ನ್ನು ಗಣಕದ ನೆರವಿನಿಂದ ಪರೀಕ್ಷಿಸಿ, ಕನಿಷ್ಠ ೩೪ರಲ್ಲಿ ದೋಷಗಳಿವೆಯೆಂದು ೨೦೦೬ರಲ್ಲಿ ತೋರಿಸಿದರು. ನಕ್ಷೆಯಲ್ಲಿ ದೋಷವೆಂದರೇನು? ‘ಹಳೆಯ ವರ್ತಕನಾದರೆ ಈ ದಾರಿ, ಹೊಸಬನಾದರೆ ಆ ದಾರಿ’ ಎಂದು ಕವಲೊಡೆದ ಮೇಲೆ, ಮುಂದೆ ಎರಡು ದಾರಿಗಳಿಂದಲೂ ಗೋಟಿ ಬಂದರೆ ಮಾತ್ರ ಹೆಜ್ಜೆಯಿಡುವಂತೆ ಅವನ್ನು ಕೂಡಿಸಿದರೆ ಏನಾಗುವುದು? ಗೋಟಿ ಒಂದೇ ದಾರಿಯಲ್ಲಿ ಬರುವುದು. ಇನ್ನೊಂದಕ್ಕಾಗಿ ಪ್ರಕ್ರಿಯೆ ಯುಗಾಂತರದವರೆಗೂ ಕಾಯುತ್ತ ನಿಲ್ಲುವುದು. ಇಂಥ ದೋಷವನ್ನು ಕಂಡುಹಿಡಿಯಲು ಪೆಟ್ರಿಯ ಗೋಟಿಯಾಟವೇ ನೆರವಾಗುವುದು.

ನಕ್ಷೆಯನ್ನೇ ಯಂತ್ರ ನೇರವಾಗಿ ಓದಿ ನಡೆಸುವಂತಾದರೆ ಎರಡು ಪ್ರತಿಗಳ ಗೊಡವೆಯೇ ತಪ್ಪುವುದಲ್ಲವೆ? ಆ ದಾರಿಯಲ್ಲಿ ೨೦೧೧ರಲ್ಲಿ ಬಿಪಿಎಂಎನ್ ೨.೦ ಎಂಬ ನಕ್ಷಾಲಿಪಿ ಹೊರಬಂದಿತು. ೨೦೧೩ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಾನಕದ ಪದವಿಯೂ ದೊರೆಯಿತು. ಚಿತ್ರವನ್ನು ಕಡತವಾಗಿ ಬರೆದಿಡುವ ಸಾಮಾನ್ಯ ರೀತಿಯೊಂದು ಅದರಲ್ಲಿ ಇರುವುದರಿಂದ ಒಂದು ತಂತ್ರಾಂಶದ ನಕ್ಷೆಯನ್ನು ಇನ್ನೊಂದು ಓದಬಲ್ಲುದು. ಆದರೆ ಹಿರಿಯ ಅಧಿಕಾರಿಗೆ ಬೇಕಾದುದು ಹತ್ತು ಹೆಜ್ಜೆಗಳ ಸಾರ. ಯಂತ್ರಕ್ಕೆ ಬೇಕಾದುದು ನೂರು ಹೆಜ್ಜೆಗಳ ವಿವರ. ನೋಡುವ ಕಣ್ಣು ಎರಡಿರುವವರೆಗೆ ತಾಳೆಯ ಕೆಲಸ ಮುಗಿಯದು.

ನಡೆ ತಾನೇ ಬರೆದ ನಕ್ಷೆ

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಜನ ನಿಜವಾಗಿ ನಡೆಯುವುದು ಹೇಗೆ? ವ್ಯವಸ್ಥೆಯಲ್ಲಿ ಪ್ರತಿಯೊಂದು ಕಾರ್ಯವೂ ದಿನಾಂಕ, ವೇಳೆಗಳೊಡನೆ ದಾಖಲಾಗುತ್ತದೆ. ಹೆಜ್ಜೆಗುರುತುಗಳಿಂದ ಕಾಲುದಾರಿಯನ್ನು ಊಹಿಸುವಂತೆ, ಈ ದಾಖಲೆಗಳಿಂದಲೇ ನಕ್ಷೆಯನ್ನು ಬಿಡಿಸುವ ವಿಧಾನವೊಂದನ್ನು ನೆದರ್ಲೆಂಡಿನ ವಿಲ್ ಫಾನ್ ಡೆರ್ ಆಲ್ಸ್ಟ್ ಮತ್ತು ಸಂಗಡಿಗರು ೨೦೦೪ರಲ್ಲಿ ಪ್ರಕಟಿಸಿದರು. ಅದರ ಹುರುಳು ಹೀಗಿದೆ. ಒಂದು ಖರೀದಿಯಲ್ಲಿ ಕಂಡ ಕ್ರಮ: ಆದೇಶ, ಸರಕು, ಬಿಲ್ಲು, ಪಾವತಿ. ಇನ್ನೊಂದರಲ್ಲಿ: ಆದೇಶ, ಬಿಲ್ಲು, ಸರಕು, ಪಾವತಿ. ಸರಕು ಬಿಲ್ಲಿನ ಹಿಂದೆಯೂ ಬಂದಿದೆ, ಮುಂದೆಯೂ ಬಂದಿದೆ. ಆದುದರಿಂದ ಅವೆರಡೂ ಒಂದನ್ನೊಂದು ಕಾಯದ ಸಮಾನಾಂತರ ಹೆಜ್ಜೆಗಳು. ಆದೇಶವಾದರೋ ಯಾವಾಗಲೂ ಮೊದಲು, ಪಾವತಿ ಯಾವಾಗಲೂ ಕೊನೆ. ನಕ್ಷೆ ಸಿದ್ಧವಾಯಿತು!

ಈಗ ಮೂರನೆಯ ಖರೀದಿಯ ದಾಖಲೆ ಹೀಗೆ ಬಂದಿತೆನ್ನಿ: ಬಿಲ್ಲು, ಆದೇಶ, ಸರಕು, ಪಾವತಿ. ಆದೇಶಕ್ಕೆ ಮೊದಲೇ ಬಿಲ್ಲು! ಯಾರೋ ಬಾಯಿಮಾತಿನಲ್ಲಿ ಸರಕು ತರಿಸಲು ಒಪ್ಪಿ, ಬಿಲ್ಲು ಬಂದ ಮೇಲೆ ಆದೇಶದ ಕಾಗದ ಹುಟ್ಟಿಸಿದ್ದಾರೆ. ನಕ್ಷೆ, ವ್ಯವಸ್ಥೆಗಳೆರಡೂ ತಾಳೆಯಾಗಿದ್ದರೂ ನಡೆ ಬೇರೆಯಾಗಿತ್ತೆಂಬುದು ಈ ಒಂದು ಸಾಲಿನಿಂದ ಬಯಲಾಗುವುದು. ಅದು ಕಪಟವೇ ಆಗಿರಬೇಕೆಂದಿಲ್ಲ. ಯಂತ್ರ ಕೆಟ್ಟು ನಿಂತ ರಾತ್ರಿ ಮೇಸ್ತ್ರಿ ತುರ್ತಾಗಿ ಮಾಡಿದ ಏರ್ಪಾಡೂ ಆಗಿರಬಹುದು. ಹಾಗಿದ್ದರೆ ತಿದ್ದಬೇಕಾದುದು ಮೇಸ್ತ್ರಿಯನ್ನಲ್ಲ, ತುರ್ತು ಖರೀದಿಗೆ ದಾರಿಯನ್ನೇ ಇರಿಸದ ನಕ್ಷೆಯನ್ನು.

ಇದನ್ನೆಲ್ಲ ಪರೀಕ್ಷಿಸಲು ವಿದ್ಯಾರ್ಥಿಗಳು ದೊಡ್ಡ ಉದ್ಯಮವನ್ನು ಅರಸಿ ಹೋಗಬೇಕಾಗಿಲ್ಲ. ನಿಮ್ಮ ಕಾಲೇಜಿನ ಗ್ರಂಥಭಂಡಾರದಿಂದ ಪುಸ್ತಕವನ್ನು ಎರವಲು ಪಡೆಯುವ ನಿಯಮಗಳನ್ನು ಗೋಡೆಯ ಫಲಕದಿಂದ ಓದಿ ಒಂದು ನಕ್ಷೆ ಬರೆಯಿರಿ. ಅನಂತರ ಒಂದು ದಿನ ಅಲ್ಲಿ ಕುಳಿತು, ಇಪ್ಪತ್ತು ಮಂದಿ ಪುಸ್ತಕ ಪಡೆದ ಬಗೆಯನ್ನು ಕ್ರಮವಾಗಿ ಬರೆದುಕೊಂಡು ಇನ್ನೊಂದು ನಕ್ಷೆ ಬಿಡಿಸಿರಿ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿರಿ. ಎಲ್ಲಿ ಬೇರೆಯಾಗಿವೆಯೋ ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ, ಬದಲಾಗಬೇಕಾದುದು ಫಲಕವೋ ನಡೆಯೋ ಎಂದು ಗ್ರಂಥಪಾಲರೊಡನೆ ಕುಳಿತು ವಿಚಾರಿಸಿರಿ.