‘ಮಂಗನ ಕಾಯಿಲೆ’: ನಾಮವಿಚಾರ ಮತ್ತು ಲಕ್ಷಣವಿಚಾರ

ಲೋಕರೂಢಿಯ ರೋಗನಾಮಗಳು ಕಣ್ಣಿಗೆ ಮೊದಲು ಬಿದ್ದುದನ್ನು ಹಿಡಿದು ಹುಟ್ಟುವುವು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ‘ಮಂಗನ ಕಾಯಿಲೆ’ ಎಂದು ಪ್ರಸಿದ್ಧವಾಗಿರುವ ಜ್ವರವು ಇದಕ್ಕೆ ನಿದರ್ಶನ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಸತ್ತುಬಿದ್ದುವು. ಸುತ್ತಣ ಹಳ್ಳಿಗರಿಗೂ ಉಗ್ರಜ್ವರವು ಬಂದಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಹೊಸದೊಂದು ವೈರಸ್ಸನ್ನು ಬೇರ್ಪಡಿಸಿ, ಅದು ರಷ್ಯಾ ದೇಶದಲ್ಲಿ ಉಣುಗಿನಿಂದ ಬರುವ ಮಿದುಳುಜ್ವರದ ವೈರಸ್ಸಿಗೆ ಸಮೀಪಬಂಧುವೆಂದು ತೋರಿಸಿದರು.

‘ಮಂಗನ’ ಎಂಬ ಷಷ್ಠಿಯು ಇಲ್ಲಿ ಸಂಬಂಧವನ್ನು ಮಾತ್ರ ಹೇಳುವುದು, ಕಾರಣವನ್ನಲ್ಲ. ಮಂಗವೂ ಮನುಷ್ಯನಂತೆಯೇ ರೋಗಿ. ರೋಗವನ್ನು ಸಾಗಿಸುವುದು ಉಣುಗು, ವಿಶೇಷವಾಗಿ ಮರಿಉಣುಗು. ಸತ್ತ ಮಂಗದ ಮೈಯಿಂದ ಉಣುಗುಗಳು ಉದುರಿ ಹರಡುವುದರಿಂದ ಆ ಸ್ಥಳವು ಅಪಾಯಕರವಾಗುವುದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿನಲ್ಲಿ ದರಕು ಗುಡಿಸುವವರಿಗೂ ಸೊಪ್ಪುಸೌದೆ ತರುವವರಿಗೂ ಭಯ ಹೆಚ್ಚು. ಮನುಷ್ಯನಿಂದ ಮನುಷ್ಯನಿಗೆ ಇದು ಹರಡಿದುದು ಕಂಡುಬಂದಿಲ್ಲ. ಆದುದರಿಂದ ರೋಗಿಯನ್ನು ದೂರವಿಡುವುದು ಅಯುಕ್ತ. ಕಿವಿಯ ಬಳಿಯ ಗ್ರಂಥಿಗಳು ಊದಿಕೊಳ್ಳುವ ‘ಮಂಗನ ಬಾವು’ ಬೇರೆಯ ವ್ಯಾಧಿ. ನಾಮಸಾದೃಶ್ಯದಿಂದ ಎರಡನ್ನೂ ಒಂದೆಂದು ತಿಳಿಯಬಾರದು.

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಥಟ್ಟನೆ ಜ್ವರ, ಹಣೆನೋವು, ಮಾಂಸಖಂಡಗಳ ನೋವು, ವಾಂತಿ, ಕೆಂಗಣ್ಣು ತೋರುವುವು. ಕೆಲವರಿಗೆ ಮೂಗುವಸಡುಗಳಿಂದ ರಕ್ತಸ್ರಾವವೂ ಉಂಟು. ಬಹುಮಂದಿ ಎರಡು ವಾರಗಳೊಳಗೆ ಚೇತರಿಸಿಕೊಳ್ಳುವರು. ಆದರೆ ನೂರಕ್ಕೆ 10ರಿಂದ 20 ಮಂದಿಗೆ, ಜ್ವರವಿಲ್ಲದೆ ಒಂದೆರಡು ವಾರ ಕಳೆದಮೇಲೆ ಅದು ಮರಳಿ ಬರುವುದು. ಆಗ ಕತ್ತು ಬಿಗಿಯುವುದು, ಕೈಕಾಲು ನಡುಗುವುದು, ದೃಷ್ಟಿ ಮಂದವಾಗುವುದು, ಬುದ್ಧಿಭ್ರಮೆ ಮುಂತಾದುವು ಮಿದುಳಿಗೆ ಬಾಧೆ ತಗುಲಿದುದರ ಚಿಹ್ನೆಗಳು. ಚರಕಸಂಹಿತೆಯ ಜ್ವರಚಿಕಿತ್ಸಾಧ್ಯಾಯದಲ್ಲಿ, ಜ್ವರ ಬಿಟ್ಟಮೇಲೆ ಬಲಬರುವ ಮುನ್ನವೇ ವರ್ಜ್ಯಗಳನ್ನು ಸೇವಿಸಿದವನಿಗೆ ಜ್ವರವು ಪುನರಾವರ್ತಿಸುವುದೆಂದು ಹೇಳಿದೆ. ಈ ಕಾಯಿಲೆಯ ಮರುಕಳಿಕೆಗೆ ಆ ನ್ಯಾಯವನ್ನು ಹಚ್ಚಲಾಗದು. ಇಲ್ಲಿ ಪುನರಾವೃತ್ತಿಯು ರೋಗದ ಸ್ವಭಾವವೇ ಹೊರತು ಅಪಥ್ಯದ ಫಲವಲ್ಲ. ಪಥ್ಯ ಕೆಟ್ಟಿತೆಂದು ರೋಗಿಯನ್ನು ದೂಷಿಸುತ್ತ ಮನೆಯಲ್ಲಿರಿಸಿಕೊಂಡರೆ ಅಮೂಲ್ಯವಾದ ಕಾಲವು ನಷ್ಟವಾಗುವುದು.

ರೋಗನಿರ್ಣಯವು ದಿನಗಣನೆಯನ್ನು ಅವಲಂಬಿಸಿದೆ. ಮೊದಲ ದಿನಗಳ ರಕ್ತದಲ್ಲಿ ಪಿಸಿಆರ್ ಪರೀಕ್ಷೆಯಿಂದ ವೈರಸ್ಸಿನ ಅಂಶವನ್ನೇ ಗುರುತಿಸಬಹುದು. ಸುಮಾರು ಐದನೆಯ ದಿನದಿಂದ ಮುಂದೆ, ಅದನ್ನೆದುರಿಸಿ ದೇಹವು ಉತ್ಪಾದಿಸುವ ಐಜಿಎಂ ಪ್ರತಿಕಾಯಗಳನ್ನು ಹುಡುಕಬೇಕು. ಆದುದರಿಂದ ಜ್ವರವು ಎಂದು ಆರಂಭವಾಯಿತೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು. ಈ ವೈರಸ್ಸನ್ನೇ ಕೊಲ್ಲುವ ಸಿದ್ಧೌಷಧವಿಲ್ಲ. ದ್ರವಾಂಶವನ್ನು ಕಾಪಾಡುವುದು, ಜ್ವರಕ್ಕೆ ಪ್ಯಾರಸಿಟಮಾಲ್ ಕೊಡುವುದು, ರಕ್ತಸ್ರಾವವನ್ನು ಹೆಚ್ಚಿಸಬಲ್ಲ ಆಸ್ಪಿರಿನ್ ಮುಂತಾದುವನ್ನು ವರ್ಜಿಸುವುದು, ಮಿದುಳು ಬಾಧಿತವಾದಾಗ ಸೆಳೆತವನ್ನು ತಡೆದು ಉಸಿರಾಟವನ್ನು ರಕ್ಷಿಸುವುದು, ಇವೇ ಚಿಕಿತ್ಸೆ. ಹೀಗಿದ್ದರೂ ನೂರಕ್ಕೆ 3ರಿಂದ 5 ಮಂದಿ ಮೃತರಾಗುವರು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಈ ದುಃಖವನ್ನು ಕಂಡಿತು. ಹಳೆಯ ಲಸಿಕೆಯ ಬಲವು ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು.

ಕಾಡಿಗೆ ಹೋಗುವ ಮುನ್ನ ಉಣುಗುನಿವಾರಕ ತೈಲವನ್ನು ಸವರಿಕೊಳ್ಳುವುದು, ಮೈತುಂಬ ಬಟ್ಟೆ ಧರಿಸುವುದು, ಮರಳಿದೊಡನೆ ಬಿಸಿನೀರಿನಲ್ಲಿ ಮೀಯುವುದು, ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದು ಮುಖ್ಯವಾದ ರಕ್ಷಣೋಪಾಯಗಳು. ಮಂಗದ ಸಾವು ಊರಿಗೆ ದೊರೆಯುವ ಮುನ್ಸೂಚನೆ. ‘ಮಂಗನ ಕಾಯಿಲೆ’ ಎಂಬ ರೂಢನಾಮಕ್ಕೆ ಈ ಅರ್ಥವನ್ನು ಹೇಳಿಕೊಟ್ಟರೆ, ಆ ಹೆಸರೇ ಜನರಿಗೆ ಎಚ್ಚರಿಕೆಯಾಗುವುದು.