ಮರುಮಾತಿಲ್ಲದ ವಿದಾಯ

ಮಗನನ್ನು ಗಲ್ಫ್‌ಗೆ ಬೀಳ್ಕೊಡುವಾಗ ನಮ್ಮ ತಂದೆಯಂದಿರು "ಪಾಸ್‌ಪೋರ್ಟ್ ಇಟ್ಟುಕೊಂಡೆಯಷ್ಟೆ?" ಎಂದು ಕೇಳಿ ಮುಖ ತಿರುಗಿಸಿಕೊಳ್ಳುತ್ತಾರೆ. ಇದನ್ನು ಕಲ್ಲೆದೆ ಎನ್ನುವವರು ಸಂತ ಫ್ರಾನ್ಸಿಸ್ ಕ್ಸೇವಿಯರರ ಬಾಳನ್ನೊಮ್ಮೆ ನೋಡಬೇಕು.

ಪ್ಯಾರಿಸ್ಸಿನ ವಿದ್ಯಾರ್ಥಿ ದಿನಗಳಲ್ಲಿ ಅವರೂ ಸಂತ ಇಗ್ನೇಷಿಯಸ್ ಲೊಯೋಲಾ ಅವರೂ ಒಂದೇ ಕೋಣೆಯಲ್ಲಿದ್ದವರು. 1540ರಲ್ಲಿ ಭಾರತಕ್ಕೆ ಹೊರಡಬೇಕಿದ್ದ ಸಂಗಡಿಗ ಬೊಬದಿಲ್ಲಾ ಕಾಯಿಲೆ ಬಿದ್ದರು. ಇಗ್ನೇಷಿಯಸರು ತಮ್ಮ ಆಪ್ತಮಿತ್ರನನ್ನೇ ಕಳುಹಿಸಿದರು. ಕ್ಸೇವಿಯರರು ಮರುಮಾತಾಡದೆ ಹೊರಟರು. ಇಬ್ಬರೂ ಮತ್ತೆಂದೂ ಭೇಟಿಯಾಗಲಿಲ್ಲ.

ಹಾಗೆಂದು ಪ್ರೀತಿ ಬತ್ತಿತೇ? ಸಂಗಡಿಗರ ಪತ್ರಗಳಿಂದ ಅವರ ಸಹಿಗಳನ್ನು ಕತ್ತರಿಸಿ, ತಮ್ಮ ವ್ರತವಚನದೊಡನೆ ಸದಾ ಜೊತೆಗಿಟ್ಟುಕೊಂಡಿರುವುದಾಗಿ ಅವರು 1546ರಲ್ಲಿ ಅಂಬೋನ್ ದ್ವೀಪದಿಂದ ಬರೆದರು. ವ್ರತವೂ ಸ್ನೇಹವೂ ಒಟ್ಟಿಗೇ! (ಸೆಮಿನರಿಯಲ್ಲಿ ಕರ್ತವ್ಯ, ಭಾವನೆಗಳನ್ನು ಬೇರೆ ಬೇರೆ ಪಾಠಗಳಾಗಿ ಓದಿದವನು ನಾನು.) ಇಗ್ನೇಷಿಯಸರ ಪತ್ರವನ್ನು ಕಣ್ಣೀರಿಡುತ್ತ ಓದಿದೆನೆಂದು 1552ರಲ್ಲಿ ಕೊಚ್ಚಿಯಿಂದ ಅವರಿಗೇ ತಿಳಿಸಿದರು.

1553ರ ಜೂನ್‌ನಲ್ಲಿ ಇಗ್ನೇಷಿಯಸರು ಗೆಳೆಯನನ್ನು ಯೂರೋಪಿಗೆ ಮರಳಿ ಕರೆದು ಪತ್ರ ಬರೆದರು. ಕ್ಸೇವಿಯರರು ಚೀನಾ ಕರಾವಳಿಯ ದ್ವೀಪವೊಂದರಲ್ಲಿ ದೈವಾಧೀನರಾಗಿ ಆಗಲೇ ಆರು ತಿಂಗಳು ಕಳೆದಿದ್ದವು. ಸುದ್ದಿಯಿನ್ನೂ ರೋಮ್ ತಲುಪಿರಲಿಲ್ಲ.